ಹಳದಿ ಎಳೆಯ ಪಕ್ಕದ ಕರ್ಸರ್

ಬೆಟಗೇರಿಯ ನೇಕಾರರ ಸಂಘದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಸಂಗತಿ ಇದು: ಮೊನ್ನೆ ಶುಕ್ರವಾರ ಮಧ್ಯಾಹ್ನ, ಕಂಪ್ಯೂಟರ್ ಪರದೆಯಲ್ಲಿ ಮಿಣುಕುವ ಒಂದು ಗೀಟು ತನ್ನ ಜಾಗದಲ್ಲಿ ನಿಲ್ಲಲು ಒಪ್ಪಲಿಲ್ಲ.

ನಲವತ್ತು ವರ್ಷ ಬೇರೆಯವರ ವಿನ್ಯಾಸ ನೇಯ್ದ ಅನ್ನಪೂರ್ಣವ್ವ, ತಾವೇ ಕಟ್ಟಿದ ಸೀರೆಯಂಚಿನ ವಿನ್ಯಾಸವೊಂದನ್ನು ಮೊದಲ ಸಲ ತಮ್ಮ ಹೆಸರಿನಲ್ಲಿ ಕಳಿಸಲು ಬಂದಿದ್ದರು. ಹೊಸ ವಿನ್ಯಾಸಗಳಿಗೆ ಸಂಘದ ವೆಬ್‌ಸೈಟಿನಲ್ಲಿ ಅರ್ಜಿ, ಸಂಜೆ ಐದಕ್ಕೆ ಗಡುವು. ಕಾರ್ಯದರ್ಶಿ ದೇವೇಂದ್ರಪ್ಪನವರು ಗಡುವನ್ನು ಸ್ವಂತ ಹೆಂಡತಿಗೂ ಸಡಿಲಿಸಿದವರಲ್ಲ.

ಯಾವ ಬಣ್ಣಕ್ಕೆ ಎಷ್ಟು ಎಳೆ ಎಂಬುದನ್ನು ಒಂದೇ ಸಾಲಿನಲ್ಲಿ ತುಂಬಬೇಕು. ಇಪ್ಪತ್ಮೂರು ಬಣ್ಣ, ಒಂದು ಬೆರಳು, ಒಂದು ತಾಸು. ತುಂಬಿದ ಮೇಲೆ ನೋಡಿದರೆ ನಡುವೆ ಹಳದಿ ಹನ್ನೆರಡಾಗಿತ್ತು, ಹದಿನಾರಾಗಬೇಕು. ಅಲ್ಲಿಗೆ ಹೋಗಿ ಎರಡನ್ನು ಅಳಿಸಿ ಆರು ಒತ್ತಿದರು. ಆರು ಸಾಲಿನ ತುದಿಗೆ ಹೋಗಿ ಕೂತಿತು. ಕೊನೆಯ ಬಣ್ಣ ಕಪ್ಪು ಇಪ್ಪತ್ನಾಲ್ಕಿದ್ದದ್ದು ಇನ್ನೂರ ನಲವತ್ತಾರಾಯಿತು.

“ಇದು ಸೀರಿ ಅಲ್ಲ ಬಿಡವಾ, ಜಮಖಾನಿ ಆತು,” ಎಂದರು ದೇವೇಂದ್ರಪ್ಪ.

ಅರ್ಜಿಯನ್ನು ರೂಪಿಸಿದವಳು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಫರ್ಹಾನಾ. ಇಂಗ್ಲಿಷ್ ಅಂಕಿ ಒತ್ತಿದರೆ ಕನ್ನಡ ಅಂಕಿ ಬೀಳಲೆಂದು ಅವಳು ಬರೆದ ಜಾವಾಸ್ಕ್ರಿಪ್ಟ್, ಆ ಅಂಕಿಯನ್ನು ಸದಾ ಸಾಲಿನ ಕೊನೆಗೇ ಅಂಟಿಸುತ್ತಿತ್ತು. ನಡುವೆ ತಿದ್ದುವವರು ಬರುವತನಕ ಯಾರಿಗೂ ತಿಳಿದಿರಲಿಲ್ಲ.

“ಪೂರಾ ಅಳಿಸಿ ಮೊದಲಿಂದ ಬರೀರಿ, ಅನ್ನಪೂರ್ಣವ್ವಾರ,” ಎಂದಳು ಫರ್ಹಾನಾ.

“ಇಪ್ಪತ್ತ ನಿಮಿಷದಾಗ? ಮಗ್ಗದಾಗ ಒಂದ ಎಳಿ ಹರದ್ರ ಸೀರಿ ಪೂರಾ ಬಿಚ್ಚತಾರೇನವಾ? ಹರದ ಜಾಗಾದ ಮ್ಯಾಲ ಬೆರಳ ಇಡಬೇಕು. ಆಮ್ಯಾಲ ಗಂಟ. ಬೆರಳ ತಗದಿ, ಜಾಗಾ ಹೋತು.”

ಫರ್ಹಾನಾ ಕುರ್ಚಿ ಎಳೆದುಕೊಂಡಳು. “ಖರೆ ಐತ್ರಿ. ನಾ ಬೆರಳ ಇಟ್ಟಿಲ್ಲ.”

ತುಂಬಿದ್ದ ಸಾಲನ್ನು ನಕಲು ಮಾಡಿಟ್ಟು ಕೂತಳು. ಅಂಕಿ ಬೀಳುವ ಮೊದಲು, ಕರ್ಸರ್, ಅಂದರೆ ಆ ಮಿಣುಕುವ ಗೀಟು, ಎಷ್ಟನೇ ಅಕ್ಷರದ ಬಳಿ ಇದೆಯೆಂದು ‘ಸೆಲೆಕ್ಷನ್ ಸ್ಟಾರ್ಟ್’ ಎಂಬ ಸೂಚಕದಿಂದ ತಿಳಿದು ಇಟ್ಟುಕೊಳ್ಳಬೇಕು. ಸಾಲನ್ನು ಅಲ್ಲೇ ಕತ್ತರಿಸಿ, ಅಂಕಿ ಸೇರಿಸಿ, ಕರ್ಸರನ್ನು ಒಂದು ಹೆಜ್ಜೆ ಮುಂದೆ ನಿಲ್ಲಿಸಬೇಕು. ಮೂರು ಸಾಲಿನ ಕೆಲಸ. ಪುಟ ಮತ್ತೆ ತೆರೆದು, ನಕಲು ಅಂಟಿಸಿ, ಕಪ್ಪಿಗೆ ಹತ್ತಿದ್ದ ಆರನ್ನು ಅಳಿಸಿ ಎದ್ದಳು.

ಅನ್ನಪೂರ್ಣವ್ವ ಹಳದಿಯ ಬಳಿ ಹೋಗಿ ಆರು ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಹರಿದು ಕೂಡಿತ್ತು. ಗೀಟು ಆರರ ಪಕ್ಕದಲ್ಲೇ ಮಿಣುಕುತ್ತಿತ್ತು. ದೇವೇಂದ್ರಪ್ಪ ಚಾದ ಲೋಟ ಹಿಡಿದವರು ಕುಡಿಯುವುದನ್ನೇ ಮರೆತರು.

ಅನ್ನಪೂರ್ಣವ್ವ ಪರದೆಯ ಮೇಲೆ ಬೆರಳಾಡಿಸಿ ಹುಡುಕಿದರು. ಆಮೇಲೆ, ದೇವರ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, “ಯವ್ವಾ, ಗಂಟ ಸುದ್ದಾ ಕೈಗೆ ಹತ್ತವಲ್ಲದು,” ಎಂದರು.

ಅರ್ಜಿ ನಾಲ್ಕು ಐವತ್ತಾರಕ್ಕೆ ಸಲ್ಲಿಕೆಯಾಯಿತು.