ಸೊಂಟ ಇಳಿಯಬಾರದು

ಬೆಳಗಿನ ಐದೂವರೆಗೆ ಕಮತಗಿಯ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ ಅಂದಾನಪ್ಪನೊಬ್ಬನೇ ಇದ್ದ. ದುಂಡೇಶ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದ. ಎಂಟು ವರ್ಷದಿಂದ ಇಲ್ಲೇ ಕಲಿಯುತ್ತಿದ್ದ ಶಿಷ್ಯ ಹೀಗೆ ಕೆಮ್ಮಣ್ಣು ತುಳಿದನೆಂದರೆ ಏನೋ ಕೆಟ್ಟದ್ದೇ ಆಗಿರಬೇಕು.

ಆಗಿತ್ತು. ಅವನ ತಮ್ಮ ದ್ಯಾಮಣ್ಣ ಬಾಗಲಕೋಟೆಯ ದವಾಖಾನೆಯಲ್ಲಿದ್ದ. ಒಂದು ಕಿಡ್ನಿ ತೆಗೆದಿದ್ದರು. ಗರಡಿಯಲ್ಲಿ ಮೊಣಕೈ ಊರಿ ಮೈ ನೇರ ಹಿಡಿಯುವ ಪ್ಲ್ಯಾಂಕ್ ಹಾಕಿದಾಗ ಯಾರ ಸೊಂಟ ಇಳಿದರೂ ಅಂದಾನಪ್ಪನ ಬೆತ್ತ ಅಲ್ಲಿಗೇ ಬೀಳುತ್ತಿತ್ತು; ದ್ಯಾಮಣ್ಣನಿಗೂ ಬಿದ್ದಿತ್ತು. ಮೂತ್ರದಲ್ಲಿ ರಕ್ತ ಬಂತೆಂದು ದ್ಯಾಮಣ್ಣ ಹೇಳಿದರೆ, "ಉಷ್ಣ ಆಗೇತಿ, ಮಜ್ಜಗಿ ಕುಡಿ" ಎಂದುಬಿಟ್ಟಿದ್ದ ಅಂದಾನಪ್ಪ. ವಸ್ತಾದನ ಮಾತಿಗೆ ಎದುರುಂಟೇ? ಮೂರು ದಿನ ಮಜ್ಜಿಗೆ ಕುಡಿಸಿದವನು ದುಂಡೇಶನೇ. ಆ ಸಂಕಟವೂ ಸೇರಿ ಸಿಟ್ಟು ನೆತ್ತಿಗೇರಿತ್ತು. ಈ ಮುದುಕನ ಸೊಂಟ ಮುರಿಯದೆ ಹೊರಗೆ ಹೋಗುವುದಿಲ್ಲ ಎಂದೇ ಬಂದಿದ್ದ.

ಗೂಟದಿಂದ ಬೆತ್ತ ಕಿತ್ತುಕೊಂಡ. "ಇಳೀರಿ ವಸ್ತಾದ್ರ. ಪ್ಲ್ಯಾಂಕ್ ಹಾಕ್ರಿ."

ಅಂದಾನಪ್ಪ ಅವನ ಮುಖ ನೋಡಿದ. ಅಂಗಿ ತೆಗೆದು ಮಣ್ಣಿಗೆ ಇಳಿದ. ಭುಜದ ನೇರಕ್ಕೆ ಮೊಣಕೈ ಊರಿ, ಹೊಟ್ಟೆ ಬಿಗಿದು, ತಲೆಯಿಂದ ಹಿಮ್ಮಡಿಯವರೆಗೆ ದಾರ ಹಿಡಿದಂತೆ ನಿಂತ. ಹಾಳಾದವನು, ಅರವತ್ತೈದರಲ್ಲೂ ಎಷ್ಟು ಚೆಂದ ನಿಂತಿದ್ದ! ಹೊಡೆಯಲು ನೆಪವೇ ಸಿಗಲಿಲ್ಲ. ಮೂರು ನಿಮಿಷಕ್ಕೆ ತೊಡೆ ನಡುಗಿತು, ಸೊಂಟ ಜಗ್ಗಿತು.

"ಇಳೀತು. ಹೊಡಿ," ಎಂದ ಅಂದಾನಪ್ಪನೇ.

ದುಂಡೇಶ ಬಾರಿಸಿದ. ಬರೆ ಎದ್ದಿತು. ಮುದುಕ ಹಲ್ಲು ಕಚ್ಚಿ ಸೊಂಟ ಎತ್ತಿದ; ಮತ್ತೆ ಇಳಿಯಿತು, ಮತ್ತೆ ಬಾರಿಸಿದ. ಆರನೆಯ ಏಟಿಗೆ ಚರ್ಮ ಒಡೆದು ರಕ್ತ ಪಕ್ಕೆಗಿಳಿದು ಮಣ್ಣಿಗೆ ತೊಟ್ಟಿಕ್ಕಿತು.

"ಉಸಿರು ಹಿಡೀಬ್ಯಾಡ್ರಿ! ಕುತ್ತಗಿ ಎತ್ತಬ್ಯಾಡ್ರಿ! ಸೊಂಟ, ಸೊಂಟ!"

ತಮ್ಮನ ಹೆಸರು ಹೇಳಿ ಹೇಳಿ ಹೊಡೆಯಬೇಕೆಂದು ಬಂದವನು ತಾಲೀಮು ಮಾಡಿಸುತ್ತಿದ್ದ. ಅದು ಅವನಿಗೆ ತಿಳಿಯಲೂ ಇಲ್ಲ.

ಹತ್ತನೆಯ ಏಟಿಗೆ ಅಂದಾನಪ್ಪ ಬೋರಲು ಬಿದ್ದ. ಬಾಯೊಳಗಿನ ಮಣ್ಣು ಉಗುಳಿ, "ಭೇಷ್," ಎಂದ. "ಇವತ್ತ ನಿನ್ನ ಕೈ ಪಳಗಿತು ನೋಡಪಾ. ನಾಳಿಂದ ಗರಡಿ ನೀನ ನಡಸು."

ಈ ಒಂದು ಭೇಷ್‌ಗಾಗಿ ಎಂಟು ವರ್ಷ ದುಂಡೇಶ ಆ ಬೆತ್ತಕ್ಕೆ ಬೆನ್ನು ಕೊಟ್ಟಿದ್ದ, ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಎದೆ ತುಂಬಿ ಬಂತು. ತಮ್ಮ ಅಲ್ಲಿ ನಳಿಗೆ ಹಾಕಿಸಿಕೊಂಡು ಮಲಗಿರುವಾಗ ಇವನಿಗೆ ಇಲ್ಲಿ ಖುಷಿಯಾಯಿತು. ತನ್ನ ಮೇಲೇ ಹೇಸಿಗೆ ಬಂದು ಅತ್ತ. ಅಳುತ್ತಲೇ ಚಪ್ಪಲಿ ಕಳಚಿ, ಬಗ್ಗಿ, ವಸ್ತಾದನ ಕಾಲು ಮುಟ್ಟಿ ನಮಸ್ಕಾರ ಮಾಡಿದ.