ಹಿಂದಿನ ಬಾಗಿಲಿನ ಕ್ಲಿಪ್ಪುಗಳು

ಎರಡನೆಯ ಸಲ 'ಟಪ್' ಎಂದಾಗ ದುರಗಪ್ಪನ ಕೈ ನಿಂತಿತು. ಅಳಿಯನ ಕಾರಿನ ಹಿಂದಿನ ಎಡ ಬಾಗಿಲಿನ ಒಳಮೈ ಮುಚ್ಚುವ ಡೋರ್ ಪ್ಯಾಡು ಅರ್ಧ ಕಿತ್ತು ಅವನ ಮೊಣಕಾಲ ಮೇಲೆ ಜೋತಾಡುತ್ತಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು, ಪ್ಯಾಡನ್ನು ಪೂರ್ತಿ ಬಿಡಿಸಿ, ತಿರುಗಿಸಿ ನೋಡಿದ. ಅದನ್ನು ಬಾಗಿಲಿನ ತಗಡಿಗೆ ಹಿಡಿದಿಡಬೇಕಾದ ಒಂಬತ್ತು ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಐದು ಮುರಿದಿದ್ದವು.

ಮೂವತ್ತಾರು ವರ್ಷ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ಅವನು. ಕಬ್ಬು ಅರೆಯುವ ರೋಲರುಗಳನ್ನು ಬಿಚ್ಚಿ ಕೂಡಿಸಿದ ಕೈ. ನಿವೃತ್ತಿಯಾಗಿ ಎರಡು ವರ್ಷವಾದರೂ ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ. ಅಳಿಯ ಕುನಾಲ ಭಾನುವಾರ ನೀಲಮಳನ್ನು ತವರಿಗೆ ತಂದು ಬಿಟ್ಟು, ಕಾರನ್ನೂ ಅಂಗಳದಲ್ಲಿ ನಿಲ್ಲಿಸಿ, ಆಫೀಸಿನ ಟ್ರೇನಿಂಗ್ ಎಂದು ಇಲ್ಲಿಂದಲೇ ಬೆಂಗಳೂರಿನ ರೈಲು ಹತ್ತಿದ್ದ. ಗುರುವಾರ ಬೆಳಿಗ್ಗೆ ಬಂದು ಹೆಂಡತಿಯನ್ನೂ ಕಾರನ್ನೂ ನಿಪ್ಪಾಣಿಗೆ ಒಯ್ಯುವವನು. "ಮಾಮಾ, ಒಂದು ಗೀರು ಬೀಳದಂಗ ನೋಡಕೋರಿ," ಎಂದು ನಗುತ್ತ ಕೀಲಿ ಕೊಟ್ಟಿದ್ದ. ಸೋಮವಾರ ಕಾರು ಒರೆಸುವಾಗ ದುರಗಪ್ಪನಿಗೆ ಹಿಂದಿನ ಬಾಗಿಲಿನ ಪ್ಯಾಡು ಕೆಳಮೂಲೆಯಲ್ಲಿ ಬೆರಳು ತೂರುವಷ್ಟು ಎದ್ದದ್ದು ಕಂಡಿತು. ಒತ್ತಿದರೆ ಕೂರಲಿಲ್ಲ. ಅಳಿಯ ಬರುವುದರೊಳಗೆ ಸರಿಮಾಡಿಟ್ಟರೆ ಸಂತೋಷಪಟ್ಟಾನೆಂದು ಬಿಚ್ಚಲು ಕೂತಿದ್ದ.

"ಆತಲ್ಲ? ಕೈ ಕೆರೀತಿದ್ವು ನಿಮ್ಮವು," ಎಂದಳು ಹೆಂಡತಿ ಸುಂದ್ರವ್ವ, ಮುರಿದ ಚೂರುಗಳನ್ನು ನೋಡಿ. "ಈಗ ಅಳಿಯಗ ಏನ್ ಹೇಳ್ತೀರಿ?"

"ಬ್ಯಾರೆ ಕ್ಲಿಪ್ ಹಾಕಿದ್ರಾತು. ಗುಂಡಿಯಷ್ಟ ಸಾಮಾನದು."

ನೀಲಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಅಪ್ಪನ ತೊಡೆಯ ಮೇಲಿನ ಪ್ಯಾಡನ್ನು ಕಂಡು ಮೆಟ್ಟಿಲಲ್ಲೇ ನಿಂತಳು. "ಅದನ್ಯಾಕ ಬಿಚ್ಚಿದಿ ಅಪ್ಪಾ? ಅದು ಮೊದಲ ಹಂಗ ಇತ್ತು. ಇರ್ಲಿ ಬಿಡ."

ತನ್ನ ತಪ್ಪನ್ನು ಮಗಳು ಮುಚ್ಚಿಹಾಕುತ್ತಿದ್ದಾಳೆ ಎಂದುಕೊಂಡ ದುರಗಪ್ಪ.

ಅಂದೇ ಮಧ್ಯಾಹ್ನ ಮುರಿದ ಕ್ಲಿಪ್ಪೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೈಕು ಹತ್ತಿದ. ಉಗಾರದ ಅಂಗಡಿಗಳಲ್ಲಿ ಟ್ರ್ಯಾಕ್ಟರಿನ ಸಾಮಾನು ಬಿಟ್ಟರೆ ಬೇರೇನೂ ಇರಲಿಲ್ಲ. ಕಾಗವಾಡದ ಗ್ಯಾರೇಜಿನವನು, "ಎರಡ ಸ್ಕ್ರೂ ಹೊಡದ ಬಿಡ್ರಿ ಕಾಕಾ, ಯಾರ್ ನೋಡ್ತಾರ?" ಎಂದ. ಫಿಟ್ಟರನಿಗೆ ಹೇಳುವ ಮಾತೇ ಅದು! ಮಂಗಳವಾರ ಕಬ್ಬಿನ ಗಾಡಿಗಳ ನಡುವೆ ನುಸುಳಿ ಅಥಣಿಗೆ ಹೋಗಿ ಒಂದು ಡಜನ್ ತಂದ. ಮನೆಗೆ ಬಂದು ನೋಡಿದರೆ ಕೂದಲೆಳೆಯಷ್ಟು ದಪ್ಪ. ಬ್ಲೇಡಿನಿಂದ ಹೆರೆದು ಕೂರಿಸಿದ. ಕೂತದ್ದು ಕೂಡಲೇ ಉದುರಿತು. ರೊಟ್ಟಿ ಮುರಿದು ಎರಡು ತುತ್ತು ತಿನ್ನುವನು, ಎದ್ದು ಅಂಗಳಕ್ಕೆ ಹೋಗಿ ಬರುವನು, ಮತ್ತೆ ಕೂರುವನು.

"ಒಂದೀಟು ಕುಂದ್ರರಿ. ಗಾಣದ ಎತ್ತಿನಂಗ ತಿರಗಾಕತ್ತೀರಿ," ಎಂದು ಸುಂದ್ರವ್ವ ಗದರಿದಳು.

ಬುಧವಾರ ಬೆಳಿಗ್ಗೆ ಅವನು ಮತ್ತೆ ಬೈಕು ತೆಗೆಯುತ್ತಿದ್ದಾಗ ನೀಲಮ ಬಂದು ಕೈ ಚಾಚಿದಳು. "ಕಾರಿನ ಕೀಲಿ ಕೊಡ ಅಪ್ಪಾ. ಚಿಕ್ಕೋಡಿಗೆ ಹೋಗೂಣು. ಗಾಡೀನ ತೋರಿಸಿದ್ರ ಸರಿಯಾದದ್ದು ಕೊಡ್ತಾರ."

"ನೀ ಹೊಡೀತಿ?"

"ಲೈಸನ್ಸ್ ಐತಲ್ಲ. ಮದುವೀಕಿಂತ ಮೊದಲ ನೀನ ತೆಗಿಸಿದ್ದಿ."

ಹೌದು, ತೆಗೆಸಿದ್ದ. ಆದರೆ ಮದುವೆಯಾಗಿ ಮೂರು ವರ್ಷದಲ್ಲಿ ಮಗಳು ಸ್ಟೇರಿಂಗ್ ಹಿಡಿದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಬಿಚ್ಚಿದ ಪ್ಯಾಡನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಅವನು ಮುಂದೆ ಕೂತ. ಕೃಷ್ಣೆಯ ಸೇತುವೆ ದಾಟಿ ಕುಡಚಿ ಸೇರುವವರೆಗೂ ನೀಲಮ ಉಸಿರು ಬಿಗಿಹಿಡಿದಂತೆ ಓಡಿಸಿದಳು. ರಾಯಬಾಗ ಹಿಂದೆ ಬಿದ್ದ ಮೇಲೆ ಅವಳ ಹೆಗಲು ಸಡಿಲಾಯಿತು. ಒಂದು ಕಬ್ಬಿನ ಟ್ರ್ಯಾಕ್ಟರನ್ನು ಹಾರನ್ ಹೊಡೆದು ಹಿಂದೆ ಹಾಕಿದಳು.

"ಚಲೋ ಹೊಡೀತಿ ಬೇ," ಎಂದ ದುರಗಪ್ಪ. "ಚಿಕ್ಕೋಡಿಯೊಳಗ ಸಿಗಲಿಲ್ಲಂದ್ರ ನಿಪ್ಪಾಣಿಗೆ ಹೋಗಿ ಬಿಡೂಣು. ಅಲ್ಲಿ ದೊಡ್ಡ ಅಂಗಡಿ ಅದಾವು."

"ನಿಪ್ಪಾಣಿ ಬ್ಯಾಡ."

ಅಷ್ಟೇ ಹೇಳಿದಳು.

ಚಿಕ್ಕೋಡಿಯಲ್ಲಿ ಸೀಟ್ ಕವರು, ಸ್ಪೀಕರು ಮಾರುವ ಸಮ್ಮೇದನ ಅಂಗಡಿಯ ಮುಂದೆ ಕಾರು ನಿಂತಿತು. ಸಮ್ಮೇದ ನಲವತ್ತರ ಆಸುಪಾಸಿನ ಮಾತುಗಾರ. ಖಾನೆ ಖಾನೆಯ ಡಬ್ಬಿಯೊಂದನ್ನು ತಂದು ಬಿಳಿ, ಹಸಿರು, ಕರಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಾಗಿಲಿನ ತೂತಿಗೆ ಹಿಡಿದು ನೋಡಿದ. ಹಸಿರು ಕ್ಲಿಪ್ಪು ಒತ್ತಿದ ಕೂಡಲೇ ಗಟ್ಟಿಯಾಗಿ ಕೂತಿತು. ದುರಗಪ್ಪನಿಗೆ ಮೂರು ದಿನದ ಮೇಲೆ ಉಸಿರು ಬಂದಂತಾಯಿತು.

"ಐದೂ ನಾನ ಮುರದೇನ್ರಿ," ಎಂದು ನಾಚುತ್ತ ಹೇಳಿದ. "ಎಳಿಯೂದು ಗೊತ್ತಾಗ್ಲಿಲ್ಲ."

ಸಮ್ಮೇದ ಪ್ಯಾಡಿನ ಬೆನ್ನನ್ನು ಬೆಳಕಿಗೆ ಹಿಡಿದ. "ಐದಲ್ಲ ಕಾಕಾ, ಎರಡ ನಿಮ್ಮವು. ಎಳದ್ರ ಕ್ಲಿಪ್ಪಿನ ಕುತ್ತಿಗಿ ಹರೀತೈತಿ, ನೋಡ್ರಿ ಹಿಂಗ. ಈ ಮೂರು ಹಂಗಲ್ಲ. ಕ್ಲಿಪ್ ಕೂಡೂ ಗೂಡ ಜಜ್ಜಿ ಹೋಗೈತಿ. ಗಾಡಿ ಒಳಗ ಕುಂತವರು ಒದ್ರ ಹಿಂಗಾಕ್ಕೈತಿ. ಒಮ್ಮೆ ಅಲ್ಲ, ಬಾಳ ಸಲ ಒದ್ದಾರ." ಬಾಗಿಲಿನ ಅಂಚಿನಲ್ಲಿದ್ದ ಸಣ್ಣ ಕಡ್ಡಿಯನ್ನು ಬೆರಳಿನಿಂದ ತೋರಿಸಿದ. "ಚೈಲ್ಡ್ ಲಾಕೂ ಹಾಕೇರಿ. ಇದನ್ನ ಹಾಕಿದ್ರ ಒಳಗಿಂದ ಬಾಗಲಾ ತೆಗಿಯಾಕ ಬರೂದಿಲ್ಲ. ಸಣ್ಣ ಹುಡುಗರು ಬಾಳ ತುಂಟ ಅದಾವೇನ್ರಿ?"

"ಹುಡುಗರಿಲ್ರಿ," ಎಂದ ದುರಗಪ್ಪ.

ಸಮ್ಮೇದ ಅಂಟಿನ ಟ್ಯೂಬು ಹುಡುಕತೊಡಗಿದ. ನೀಲಮ ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ್ದ ಸೀಟ್ ಕವರನ್ನು ನೋಡುತ್ತಿದ್ದಳು. ಅವಳ ಕಣ್ಣು ಅದರ ಮೇಲಿರಲಿಲ್ಲ. ಸಮ್ಮೇದ ಜಜ್ಜಿದ ಗೂಡುಗಳಿಗೆ ಅಂಟು ಹಚ್ಚಿ, ಎರಡು ತಾಸು ಒಣಗಲಿ ಎಂದು ಹೇಳಿ ಪ್ಯಾಡನ್ನು ಕೊಟ್ಟ.

ಕಾರಿನಲ್ಲಿ ಕೂತ ಮೇಲೆ ನೀಲಮ ಕೀಲಿ ತಿರುಗಿಸಲಿಲ್ಲ. "ಒದ್ದಾಕಿ ನಾನ, ಅಪ್ಪಾ."

ದುರಗಪ್ಪ ಅವಳತ್ತ ತಿರುಗಿದ.

"ಹಿಂದಿನ ತಿಂಗಳು. ರಜಾ ಇತ್ತು. ನಮ್ಮ ದವಾಖಾನಿ ಲ್ಯಾಬಿನ್ಯಾಗ ಒಬ್ಬಾಕಿ ಬಂದಿಲ್ಲ, ಡ್ಯೂಟಿಗೆ ಬಾ ಅಂತ ಫೋನ್ ಬಂತು. ಹೋಗ್ತೀನಿ ಅಂದೆ. ಮನ್ಯಾಗ ಇವರು ಬ್ಯಾಡಂದ್ರು. ಆದ್ರೂ ಹೋಗ್ತೀನಿ ಅಂದಮ್ಯಾಲೆ, 'ಬಾ, ಬಿಡ್ತೀನಿ' ಅಂದ್ರು. ನಾ ಯಾವಾಗ್ಲೂ ಹಿಂದ ಕೂಡೂದು, ಮುಂದಿನ ಸೀಟಿನ್ಯಾಗ ಅವರ ಬ್ಯಾಗ್ ಇರ್ತೈತಿ. ದವಾಖಾನಿ ಬಂತು, ನಿಲ್ಲಿಸ್ಲಿಲ್ಲ. ಹೈವೇ ಹತ್ತಿದ್ರು. ಕೊಲ್ಲಾಪುರ ದಾಟ್ತು, ಕರಾಡ ಮುಟ್ತು. ಒಂದು ಮಾತಿಲ್ಲ. ನನ್ನ ಫೋನ್ ಅವರ ಕಿಸೇದಾಗ. ಟ್ರಾಫಿಕ್ಕಿನ್ಯಾಗ ಗಾಡಿ ನಿಂತಾಗೆಲ್ಲ ಬಾಗಲಾ ಒದ್ದೆ. ಐದು ತಾಸು. ಮನಿಗೆ ಬಂದು ಬಾಗಲಾ ತೆಗದು, 'ಡ್ಯೂಟಿ ಮುಗೀತಲ್ಲ?' ಅಂದ್ರು."

"ಹೊಡದಾನೇನು?"

"ಇಲ್ಲ. ಒಮ್ಮೀನೂ ಕೈ ಎತ್ತಿಲ್ಲ."

ದುರಗಪ್ಪನಿಗೆ ಹಿಂದಿನ ತಿಂಗಳ ಫೋನು ನೆನಪಾಯಿತು. ಬಹಳ ಬೇಸರವಾಗಿದೆ ಎಂದಿದ್ದಳು. ಹೊಡೀತಾನೇನು, ಕುಡೀತಾನೇನು ಎಂದು ಇವನು ಕೇಳಿದ್ದ. ಎರಡಕ್ಕೂ ಇಲ್ಲ ಎಂದಾಗ, ಮತ್ತೇನಾತು, ಹೊಂದಿಕೊಂಡು ಹೋಗು ಎಂದಿದ್ದ.

"ಅವತ್ತ ಹೇಳಬೇಕಿತ್ತಲ್ಲ ಬೇ."

"ಏನಂತ ಹೇಳ್ಲಿ ಅಪ್ಪಾ? ಗಾಡಿ ನಿಲ್ಲಿಸ್ಲಿಲ್ಲ ಅಂತನಾ?"

ದುರಗಪ್ಪ ತಿರುಗಿ ಹಿಂದಿನ ಸೀಟಿನ ಮೇಲಿದ್ದ ಪ್ಯಾಡನ್ನು ನೋಡಿದ. ಕೊನೆಗೆ, "ಈಗ ಏನ್ ಮಾಡ್ಬೇಕಂತಿ?" ಎಂದ.

"ಗೊತ್ತಿಲ್ಲ. ಆ ಹಿಂದಿನ ಸೀಟಿನ್ಯಾಗ ಮಾತ್ರ ನಾ ಕೂಡೂದಿಲ್ಲ."

ಸಂಜೆ ಅಂಗಳದಲ್ಲಿ ದುರಗಪ್ಪ ಪ್ಯಾಡನ್ನು ಕೂರಿಸಿದ. ಒಂಬತ್ತು ಕ್ಲಿಪ್ಪನ್ನೂ ಹೆಬ್ಬೆರಳಿನಿಂದ ಒತ್ತಿ, ಅಂಚಿನ ಗುಂಟ ಅಂಗೈ ಎಳೆದು ನೋಡಿದ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಎರಡೂ ಹಿಂದಿನ ಬಾಗಿಲುಗಳ ಸಣ್ಣ ಕಡ್ಡಿಗಳನ್ನು ಕೆಳಗೆ ತಳ್ಳಿ ಲಾಕು ಬಿಡಿಸಿದ. ಒಳಗೆ ಹೋಗಿ ಸುಂದ್ರವ್ವನಿಗೆ ಎಲ್ಲ ಹೇಳಿದ. "ಹೊಡದಿಲ್ಲ ಬಡದಿಲ್ಲ. ಮಂದಿ ಕೇಳಿದ್ರ ಏನ್ ಹೇಳೂದ್ರಿ?" ಎಂದಳು ಅವಳು. ಹೇಳುತ್ತಲೇ ಮಗಳ ಬ್ಯಾಗಿನಿಂದ ಸೀರೆಗಳನ್ನು ತೆಗೆದು ತನ್ನ ಟ್ರಂಕಿನಲ್ಲಿ ಇಡತೊಡಗಿದಳು.

ಗುರುವಾರ ಬೆಳಿಗ್ಗೆ ಕುನಾಲ ಬಂದ. ಸ್ನಾನ ಮಾಡಿ ಉಪ್ಪಿಟ್ಟು ತಿಂದು, ಕಾರಿನ ಸುತ್ತ ಒಂದು ಸುತ್ತು ಬಂದ. "ವಾ ಮಾಮಾ, ಬಾಗಲಾನೂ ರಿಪೇರಿ ಮಾಡೇರಲ್ಲ!" ಎಂದ. ಮುಂದಿನ ಸೀಟಿನ ಮೇಲೆ ಬ್ಯಾಗಿಟ್ಟ. ಹಿಂದಿನ ಬಾಗಿಲು ತೆರೆದು, "ಹಂ, ನೀಲಮ," ಎಂದ.

ಮೆಟ್ಟಿಲ ಮೇಲಿದ್ದ ನೀಲಮ ಕದಲಲಿಲ್ಲ. ದುರಗಪ್ಪ ಹೋಗಿ ಆ ಬಾಗಿಲನ್ನು ಮುಚ್ಚಿದ.

"ಅಕಿ ಬರೂದಿಲ್ರಿ."

ಕುನಾಲನ ನಗು ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. "ಏನ್ ಹೇಳ್ಯಾಳ ನಿಮಗ? ನಾ ಒಂದ ಏಟರ ಹೊಡದೀನೇನ ಕೇಳ್ರಿ."

"ಹೊಡದಿಲ್ಲಂತ ಅಕಿನ ಹೇಳ್ಯಾಳ."

"ಮತ್ತ?"

"ಸೋಮವಾರದಿಂದ ನನ್ನ ಡ್ಯೂಟಿ ಐತಿ," ಎಂದಳು ನೀಲಮ. "ನಮ್ಮ ದವಾಖಾನಿ ಸರಿತಾ ಸಿಸ್ಟರ್ ರೂಮಿನ್ಯಾಗ ಇರ್ತೀನಿ. ಕೇಳೀನಿ, ಬಾ ಅಂದಾರ."

ಓಣಿಯ ಎದುರು ಮನೆಯ ಅಕ್ಕವ್ವ ಕಸಬರಿಗೆ ಹಿಡಿದು ಹೊರಗೆ ಬಂದಿದ್ದಳು. ಕುನಾಲ ಅವಳತ್ತ ನೋಡಿ, ತಗ್ಗಿದ ದನಿಯಲ್ಲಿ "ನೋಡೂಣು" ಎಂದು ಕಾರು ಹತ್ತಿದ. ಅವನು ಹೋದ ಮೇಲೆ ದುರಗಪ್ಪ ಕಟ್ಟೆಯ ಮೇಲೆ ಕೂತ. ಮಾಡಿದ್ದು ಸರಿಯೋ ತಪ್ಪೋ ಅವನಿಗೆ ತಿಳಿಯಲಿಲ್ಲ.

ಸೋಮವಾರ ಮಗಳನ್ನು ನಿಪ್ಪಾಣಿಯ ಬಸ್ಸು ಹತ್ತಿಸಲು ಹೋದ. ಬಸ್ಸು ಹೊರಟು ನೂರು ಮಾರು ಹೋಗಿರಲಿಲ್ಲ, ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿ ನಿಂತಿತು. ಡ್ರೈವರ್ ಎಂಜಿನ್ ಬಂದ್ ಮಾಡಿದ. ಒಬ್ಬಿಬ್ಬರು ಇಳಿದು ಬೀಡಿ ಹಚ್ಚಿದರು. ದುರಗಪ್ಪ ದೂರದಿಂದ ನೋಡುತ್ತಿದ್ದಂತೆ ನೀಲಮಳೂ ಇಳಿದಳು. ರಸ್ತೆ ದಾಟಿ ಶೇಂಗಾ ಮಾರುವ ಗಾಡಿಯ ಹತ್ತಿರ ಹೋಗಿ ಒಂದು ಪೊಟ್ಟಣ ತೆಗೆದುಕೊಂಡಳು; ಅಲ್ಲೇ ಬಿಸಿಲಿಗೆ ನಿಂತು ನಾಲ್ಕು ಕಾಳು ಸುಲಿದು ತಿಂದಳು. ಗಾಡಿಗಳು ಕದಲತೊಡಗಿದವು. ಕಂಡಕ್ಟರ್ ಸೀಟಿ ಊದಿದ. ಅವಳು ಸಿಪ್ಪೆ ಕೊಡವಿಕೊಂಡು, ಅವಸರವಿಲ್ಲದೆ, ಬಸ್ಸಿನ ಕಡೆ ನಡೆದಳು.