ತುಳ್ಸಕ್ಕ ವಾಪಸ್ ಕೇಳಿದ ಮಾತು

ಕೋಲ್ಕತ್ತಾದ ದಕ್ಷಿಣೇಶ್ವರದ ಒಂದು ಗಲ್ಲಿಯಲ್ಲಿ ಮಹಡಿ ಮೇಲಿನ ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಮುಚ್ಚಿದರೆ ಸೆಕೆ. ಬೆಳಿಗ್ಗೆ ಒಂದು ಹೊತ್ತು ನೀರು ಬರುತ್ತದೆ, ಅದನ್ನೂ ಕೆಳಗಿನಿಂದ ಬಕೆಟ್ಟಿನಲ್ಲಿ ಹೊತ್ತು ತರಬೇಕು. ಇದೆಲ್ಲ ಪ್ರತೀಕ್ಷಾಳಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಫೋನು ಸುಮ್ಮನೆ ಬಿದ್ದಿರುವುದು.

ಮನೆಯೊಡತಿ ಮಾಶಿಮಾ ಒಳ್ಳೆಯವಳೇ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಖೇಯೇಛೋ, ಪ್ರೊತೀಕ್ಖಾ?" ಎಂದು ಊಟದ ವಿಚಾರ ಕೇಳುತ್ತಾಳೆ. ಉತ್ತರ ಬರುವಷ್ಟರಲ್ಲಿ ಬಾಗಿಲು ಹಾಕಿಕೊಂಡಿರುತ್ತಾಳೆ. ಸಾಲ್ಟ್ ಲೇಕಿನ ಆಫೀಸಿನಲ್ಲಂತೂ ಪ್ರತೀಕ್ಷಾಳಿಗೆ ಹೆಸರೇ ಇಲ್ಲ. 'ಕರ್ನಾಟಕ ಫೀಲ್ಡ್' ಎಂದು ಕರೆಯುತ್ತಾರೆ. ಊರಿನಲ್ಲಿ ಅವ್ವ ಸತ್ತ ಮೇಲೆ ಇವಳ ದಾರಿ ಕಾಯುವವರು ಯಾರೂ ಇಲ್ಲ. ಇದ್ದದ್ದು ತುಳ್ಸಕ್ಕನ ಫೋನು ಮಾತ್ರ.

ತುಳ್ಸಕ್ಕ ಉತ್ತರ ಕನ್ನಡದ ಒಂದು ಅಳಿವೆಯಲ್ಲಿ ಬಳಚು ಆರಿಸುವವಳು, ಅವ್ವನ ಜೊತೆಗಾತಿ. ಬಳಚೆಂದರೆ ಕೆಸರಿನೊಳಗೆ ಅಡಗಿರುವ ಚಿಪ್ಪು. ನೀರು ಇಳಿದಾಗ ಹೆಂಗಸರು ಮೊಣಕಾಲುದ್ದ ಕೆಸರಿಗಿಳಿದು, ಬೆರಳಿನಿಂದ ಬಗೆದು ಬುಟ್ಟಿ ತುಂಬಿಸುತ್ತಾರೆ. ಬೆರಳ ತುದಿ ಸೀಳುತ್ತದೆ, ಉಪ್ಪುನೀರು ಹೊಕ್ಕು ಉರಿಯುತ್ತದೆ, ಮಾರನೇ ದಿನ ಮತ್ತೆ ಅದೇ ಬೆರಳು. ಆ ದುಡಿಮೆಯಲ್ಲೇ ಅವ್ವ ಮಗಳನ್ನು ಎಂ.ಎಸ್ಸಿ. ಓದಿಸಿದ್ದಳು. ನೀರಿಳಿಯುವುದನ್ನು ಕಾಯುತ್ತ ದಂಡೆಯಲ್ಲಿ ಕೂತ ತುಳ್ಸಕ್ಕ ದಿನಾ ಫೋನು ಮಾಡುತ್ತಿದ್ದಳು. "ಎಂತ ಉಂಡ್ಯನೆ ತಂಗಿ? ಆ ಊರಲ್ಲೂ ಮೀನು ಸಿಗ್ತದ್ಯ?" ಎನ್ನುವಳು. ಹಿಂದೆ ಗಾಳಿ, ಹೆಂಗಸರ ನಗು. ಕೋಣೆಯೊಳಗೆ ಊರೇ ಬಂದು ಕೂತ ಹಾಗೆ ಆಗುತ್ತಿತ್ತು.

ದಂಡೆಯಲ್ಲಿ ಬೋರ್ಡು ಎದ್ದ ದಿನದಿಂದ ಆ ಫೋನು ನಿಂತಿತು. ಇವಳೇ ಮಾಡಿದರೆ ರಿಂಗಾಗಿ ರಿಂಗಾಗಿ ಕಟ್ಟಾಗುತ್ತಿತ್ತು.

ಆ ಬೋರ್ಡಿನ ಕಥೆ ಹೇಳಿಬಿಡಬೇಕು. ಪ್ರತೀಕ್ಷಾ ದುಡಿಯುವ ಸಂಶೋಧನೆಯ ಹೆಸರು ಕೇಳಿದರೆ ನೀವು ಕೈ ಮುಗಿಯುತ್ತೀರಿ: 'ಮೂಲಭೂತ ಮಾನವ ಹಕ್ಕುಗಳು ಮತ್ತು ಕರಾವಳಿಯ ಸಮುದ್ರಹುಲ್ಲಿನ ನೆಲೆಗಳು'. ಕಡಲಂಚಿನ ಕೆಸರಿನಲ್ಲಿ ಬೆಳೆಯುವ ಹುಲ್ಲು, ಅದರ ನಡುವೆ ಬದುಕುವ ಜನ, ಎರಡನ್ನೂ ಉಳಿಸುವುದು ಹೇಗೆ ಎಂದು ಹುಡುಕುವ ಕೆಲಸ. ದುಡ್ಡು ಮಾತ್ರ ಅದೇ ಅಳಿವೆಯಲ್ಲಿ ಬಂದರು ಕಟ್ಟುತ್ತಿರುವ ಕಂಪನಿಯದು. ಮುಖ್ಯಸ್ಥರು ಪ್ರೊಫೆಸರ್ ಅಶ್ವತ್ಥನಾರಾಯಣ, ಮೈಸೂರಿನವರು, ಕೋಲ್ಕತ್ತಾದಲ್ಲೇ ತಲೆ ನರೆತವರು. ಅವರಿಗೆ ಬಳಚಿನ ಹೆಂಗಸರ ಮಾತು ಬಲ್ಲವಳೊಬ್ಬಳು ಬೇಕಾಗಿತ್ತು. ಸಿಕ್ಕಳು.

ಪ್ರತೀಕ್ಷಾ ರೆಕಾರ್ಡರ್ ಹಿಡಿದು ಆ ದಂಡೆಯಲ್ಲಿ ತಿಂಗಳುಗಟ್ಟಲೆ ಕೂತಳು. ಪ್ರತಿಯೊಬ್ಬರ ಎದುರೂ ಮೊದಲು ಒಂದು ಮಾತು ಹೇಳಬೇಕು, ಅದು ನಿಯಮ. "ನೀವು ಹೇಳುವ ಮಾತು ನಿಮ್ಮದೇ. ಯಾವಾಗ ಬೇಡ ಅನ್ನಿಸಿದರೂ ವಾಪಸ್ ಕೇಳಬಹುದು. ಕೇಳಿದರೆ ಅಳಿಸಿಹಾಕುತ್ತೇವೆ." ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. "ಹೇಳಿದ್ ಮಾತು ವಾಪಸ್ ತಕಂಬುಕೆ ಅದೆಂತ ಬುಟ್ಟಿಯನೆ?" ಎಂದಿದ್ದಳು ತುಳ್ಸಕ್ಕ.

ಜೊತೆಗಾತಿಯ ಮಗಳಲ್ಲವೇ ಎಂದು ಏನೂ ಮುಚ್ಚಿಡದೆ ಹೇಳಿದರು. ಹುಲ್ಲಿನ ಬುಡದಲ್ಲೇ ಬಳಚು ಜಾಸ್ತಿ, ಬಗೆಯುವಾಗ ಹುಲ್ಲೂ ಕಿತ್ತು ಬರುತ್ತದೆ ಎಂದರು. ಅದು ನಿಜ. ಬಂದರಿನ ಹೂಳೆತ್ತುವ ಯಂತ್ರ ಬಂದ ಮೇಲೆ ನೀರೆಲ್ಲ ರಾಡಿಯಾಗಿ, ಹುಲ್ಲು ಚಾಪೆ ಚಾಪೆಯಾಗಿ ಕೊಳೆತು ತೇಲುತ್ತದೆ ಎಂದೂ ಹೇಳಿದರು. ಅದೂ ನಿಜ. ಪ್ರತೀಕ್ಷಾ ಎರಡನ್ನೂ ಇಂಗ್ಲಿಷಿಗೆ ಮಾಡಿಕೊಟ್ಟಿದ್ದಳು. ವರದಿಯಲ್ಲಿ ಮೊದಲನೆಯದು ಉಳಿಯಿತು, ಎರಡನೆಯದು ಮಾಯ. 'ಸ್ಥಳೀಯ ಮಹಿಳೆಯರು ತಾವೇ ಒಪ್ಪಿಕೊಂಡಂತೆ' ಎಂದು ಶುರುವಾಗುತ್ತದೆ ಆ ಅಧ್ಯಾಯ. ಕರಡು ಸರಕಾರದ ಮೇಜಿಗೆ ಹೋಯಿತು, ಬೋರ್ಡು ಬಂತು. ಸಂರಕ್ಷಿತ ಪ್ರದೇಶ, ಪ್ರವೇಶ ನಿಷಿದ್ಧ. ಒಬ್ಬ ಕಾವಲುಗಾರ, ಅವನ ಕೊರಳಿಗೊಂದು ಸೀಟಿ. ಯಂತ್ರ ಮಾತ್ರ ಅಳಿವೆಯ ಬಾಯಲ್ಲಿ ಹಗಲಿಡೀ ಗುರುಗುಡುತ್ತಲೇ ಇದೆ. ಪಾಪ, ಅದಕ್ಕೆ ಬೋರ್ಡು ಓದಲು ಬರುವುದಿಲ್ಲ.

ಒಂದು ಭಾನುವಾರ ಪ್ರತೀಕ್ಷಾ ಗಂಗೆಯ ಘಾಟಿನಲ್ಲಿ ಕೂತಿದ್ದಳು. ನದಿ ಇಳಿದು ಮೆಟ್ಟಿಲ ಕೆಳಗಿನ ಕೆಸರು ಕಾಣುತ್ತಿತ್ತು. ಆ ವಾಸನೆಗಾಗಿಯೇ ಅವಳು ಅಲ್ಲಿಗೆ ಬರುತ್ತಿದ್ದಳು. ಆಗ ಫೋನು ಬಂತು.

"ತುಳ್ಸಕ್ಕ," ಎಂದಳು.

"ಹ್ಞೂಂ, ನಾನೇಯ." ಊಟದ ಪ್ರಶ್ನೆ ಬರಲಿಲ್ಲ.

"ಬೈಯು ಅಕ್ಕ. ಬೈದಾದ್ರೂ ಮಾತಾಡು."

"ಬೈಯುಕೆ ಫೋನು ಮಾಡ್ಲಿಲ್ಲ. ಅವತ್ತು ನೀ ಒಂದು ಮಾತು ಹೇಳಿದ್ದೆ. ಬ್ಯಾಡ ಅಂದ್ರೆ ವಾಪಸ್ ಕೊಡ್ತ್ರು ಅಂತ."

"ಹೌದು."

"ನನ್ ಮಾತು ನಂಗೆ ವಾಪಸ್ ಬೇಕು. ನಿನ್ನ ನಂಬಿ ಹೇಳಿದ್ದು ನಾ. ಅದ್ನೇ ತಕಂಡು ನಮ್ ಹೊಟ್ಟೆ ಮೇಲೆ ಹೊಡದ್ರು. ಇನ್ನು ಅದು ಅವ್ರ ಹತ್ರ ಇರುಕಾಗ. ವಾಪಸ್ ಕೊಡ್ತ್ರು ಅಂದದ್ದೂ ಸುಳ್ಳೇಯನೆ?"

"ಸುಳ್ಳಲ್ಲ ಅಕ್ಕ."

"ಹಂಗಾರೆ ತಕಂಡು ಬಾ."

ಫೋನು ಇಟ್ಟಳು. ಇಷ್ಟು ದಿನ ಕಾದ ದನಿ ಕೇಳಿದ ಸಂತೋಷಕ್ಕೆ ಅಳಬೇಕೋ, ಆ ದನಿ ಹೇಳಿದ್ದಕ್ಕೆ ಅಳಬೇಕೋ ಪ್ರತೀಕ್ಷಾಳಿಗೆ ತಿಳಿಯಲಿಲ್ಲ.

ಸೋಮವಾರ ಪ್ರೊಫೆಸರರ ಕೋಣೆಗೆ ಹೋದಳು. ಹಕ್ಕುಗಳ ವಿಚಾರ ಬಿಸಿಲಲ್ಲಿ ಹೊಳೆಯುವುದಿಲ್ಲ ನೋಡಿ, ಎಸಿ ಜೋರಾಗಿತ್ತು.

"ಏನಮ್ಮ, ಮುಖ ಬಾಡಿದೆ? ತಗೋ, ನಮ್ಮ ಇಂದುಮತಿ ನಿನಗೆ ಅಂತ ಪುಳಿಯೋಗರೆ ಕಳಿಸಿದಾಳೆ." ಇಂದುಮತಿ ಅವರ ಹೆಂಡತಿ. ಇಡೀ ಕೋಲ್ಕತ್ತಾದಲ್ಲಿ ಪ್ರತೀಕ್ಷಾಳನ್ನು ನೆನೆದು ಅಡುಗೆ ಮಾಡುವ ಒಂದೇ ಒಂದು ಜೀವ.

"ಸರ್, ತುಳ್ಸಕ್ಕ ತನ್ನ ಮಾತು ವಾಪಸ್ ಕೇಳ್ತಿದಾಳೆ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕರು.

"ಅಯ್ಯೋ ಹುಚ್ಚಿ, ಅದು ಎಥಿಕ್ಸ್ ಕಮಿಟಿಯೋರು ಹೇಳಿಸೋ ಮಾತು. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ."

"ಈಗ ಕೇಳಿದಾಳಲ್ಲ ಸರ್."

"ಸರಿ, ತೆಗೆದುಬಿಡೋಣ. ಒಬ್ಬಳದ್ದು ಹೋದ್ರೆ ಏನಾಗತ್ತೆ? ಮಿಕ್ಕೋರೆಲ್ಲ ಅದನ್ನೇ ಹೇಳಿದಾರೆ."

"ಯಂತ್ರದ ವಿಷಯಾನೂ ಎಲ್ಲರೂ ಹೇಳಿದ್ರು. ಅದನ್ನ ಯಾಕೆ ತೆಗೆದ್ರಿ?"

ಪ್ರೊಫೆಸರರ ನಗು ಇಳಿಯಿತು. ದನಿ ಮಾತ್ರ ಬೆಣ್ಣೆಯಂತೆಯೇ ಇತ್ತು. "ಅದು ನಮ್ಮ ವ್ಯಾಪ್ತಿಗೆ ಬರಲ್ಲ. ನೋಡು ಪ್ರತೀಕ್ಷಾ, ಒಂದೇ ಭಾಷೆಯೋರು ಅಂತ ಹೇಳ್ತಿದೀನಿ. ನಿನ್ನ ಪಿಎಚ್.ಡಿ. ಸೀಟು ನನ್ನ ಕೈಲಿದೆ. ಬುಧವಾರ ಕಂಪನಿಯೋರು ಸಭೆಗೆ ಬರ್ತಾರೆ. ಆ ಹೆಂಗಸರ ಧ್ವನಿ ಸ್ವಲ್ಪ ಕೇಳಿಸು. ಹುಲ್ಲು ಕೀಳ್ತೀವಿ ಅಂತಾರಲ್ಲ, ಅಷ್ಟು ಸಾಕು. ಹೋಗು, ಊಟ ಮಾಡು."

ಅವಳು ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದಳು. ರುಚಿಯಾಗಿತ್ತು. ರುಚಿಯಾಗಿದ್ದದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು.

ಸಂಜೆ ತುಳ್ಸಕ್ಕನಿಗೆ ಫೋನು ಮಾಡಿದಳು. ಈ ಸಲ ಎತ್ತಿದಳು.

"ನಿಂದೊಂದು ಅಳಿಸ್ತ್ರಂತೆ ಅಕ್ಕ. ಉಳಿದವ್ರದ್ದು ಇಟ್ಕಂಡು ಅದ್ನೇ ನಡೆಸ್ತ್ರು."

"ಅಂದ್ರೆ ನನ್ನೊಬ್ಳ ಮಾತಿಗೆ ತೂಕ ಇಲ್ಲ."

"ಇಲ್ಲ."

"ಹಂಗಾರೆ ತಡಿ," ಎಂದು ತುಳ್ಸಕ್ಕ ಫೋನು ಇಟ್ಟಳು.

ಬುಧವಾರ ಬೆಳಿಗ್ಗೆ ಮೆಟ್ರೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತೀಕ್ಷಾಳ ಫೋನು ಗುಂಯ್‌ಗುಟ್ಟತೊಡಗಿತು. ಒಂದಾದ ಮೇಲೊಂದು ಧ್ವನಿ ಸಂದೇಶ, ಎಲ್ಲ ತುಳ್ಸಕ್ಕನ ನಂಬರಿನಿಂದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಸುತ್ತ ಬಂಗಾಳಿ, ಹಿಂದಿ, ಜನರ ಮೈಬಿಸಿ. ಒಳಗೆ ತನ್ನವರ ದನಿ. ಕಣ್ಣೀರು ಸುರಿಯಿತು. ಪಕ್ಕದ ಹೆಂಗಸು ಎದ್ದು ಸೀಟು ಕೊಟ್ಟಳು.

ಸಭೆಯಲ್ಲಿ ದೊಡ್ಡ ಪರದೆ, ಹೂವಿನ ಕುಂಡ, ಮುಂದಿನ ಸಾಲಿನಲ್ಲಿ ಕಂಪನಿಯವರು. ಸಂಶೋಧನೆಯ ನೀತಿನಿಯಮ ನೋಡುವ ಎಥಿಕ್ಸ್ ಕಮಿಟಿಯ ಅಧ್ಯಕ್ಷೆ ಶೋಭನಾ ಸೇನ್ ವೇದಿಕೆಯ ಮೇಲಿದ್ದರು. ಅಶ್ವತ್ಥನಾರಾಯಣರು ಮನುಷ್ಯನ ಘನತೆಯ ಬಗ್ಗೆ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಮಾತಾಡಿದರು. "ಈಗ ಆ ತಾಯಂದಿರ ದನಿಯನ್ನೇ ಕೇಳೋಣ," ಎಂದು ಪ್ರತೀಕ್ಷಾಳತ್ತ ಕೈ ತೋರಿಸಿದರು.

ಪ್ರತೀಕ್ಷಾ ತನ್ನ ಫೋನನ್ನೇ ಧ್ವನಿವರ್ಧಕಕ್ಕೆ ಜೋಡಿಸಿದಳು.

"ನಾನು ತುಳ್ಸು ಅಂಬಿಗ. ನಾ ಹೇಳಿದ್ ಮಾತು ನಂಗೆ ವಾಪಸ್ ಬೇಕು."

"ನಾನು ಗಂಗೂಬಾಯಿ. ನಂದೂ ವಾಪಸ್ ಕೊಡಿ."

ಮುದುಕಿಯೊಬ್ಬಳ ಕೆಮ್ಮು. "ನಾನು ನಾಗವೇಣಿ. ನಾವು ಹುಲ್ಲು ಕಿತ್ತದ್ದು ಬರ್ಕಂಡ್ರಿ, ಯಂತ್ರ ಕಿತ್ತದ್ದು ಬಿಟ್ರಿ. ನನ್ ಮಾತು ಕೊಟ್ಬಿಡಿ."

ಒಂದರ ಹಿಂದೆ ಒಂದು ದನಿ, ಮಾತು ಕೊಟ್ಟವರಲ್ಲಿ ಒಬ್ಬಳೂ ಬಿಟ್ಟಿರಲಿಲ್ಲ. ಸಭೆಗೆ ಕನ್ನಡ ಬರುವುದಿಲ್ಲ. ಕಂಪನಿಯವನೊಬ್ಬ ಜಾನಪದ ಹಾಡು ಕೇಳುವವನಂತೆ ತಲೆದೂಗುತ್ತಿದ್ದ. ಅರ್ಥವಾದದ್ದು ಅಶ್ವತ್ಥನಾರಾಯಣರಿಗೆ ಮಾತ್ರ. ಅವರ ಮುಖ ಸುಣ್ಣವಾಗಿತ್ತು.

"ಏನು ಹೇಳುತ್ತಿದ್ದಾರೆ?" ಎಂದರು ಶೋಭನಾ ಸೇನ್.

"ನಮಗೆ ಧನ್ಯವಾದ ಹೇಳುತ್ತಿದ್ದಾರೆ," ಎಂದರು ಪ್ರೊಫೆಸರ್.

"ಅಲ್ಲ ಮೇಡಂ," ಎಂದು ಪ್ರತೀಕ್ಷಾ ಎದ್ದು ನಿಂತಳು. "ಇಲ್ಲಿ ಅನುವಾದದ ಕೆಲಸ ನನ್ನದು." ಇಂಗ್ಲಿಷಿನಲ್ಲಿ ಒಂದೊಂದೇ ದನಿಯನ್ನು ಹೆಸರು ಸಮೇತ ಹೇಳುತ್ತ ಹೋದಳು. ಯಂತ್ರವನ್ನೂ ಬಿಡಲಿಲ್ಲ. ತಲೆದೂಗುತ್ತಿದ್ದವನು ನಿಲ್ಲಿಸಿದ.

ಪ್ರೊಫೆಸರ್ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ಕೂತ್ಕೋ ಪ್ರತೀಕ್ಷಾ. ನಿನಗೆ ಅನ್ನ ಹಾಕಿದೋನು ನಾನು."

"ಅನ್ನ ಹಾಕಿದ್ದು ಇಂದುಮತಿಯಮ್ಮ ಸರ್. ನೀವು ನನ್ನ ಬಾಯಿಂದ ಆ ಹೆಂಗಸರ ಅನ್ನ ಕಿತ್ತುಕೊಂಡ್ರಿ."

ಶೋಭನಾ ಸೇನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ವಾಪಸ್ ಕೇಳಿದರೆ ನಿಯಮದ ಪ್ರಕಾರ ಆ ಅಧ್ಯಾಯ ನಿಲ್ಲುವುದಿಲ್ಲ, ಕಮಿಟಿ ನೋಡಬೇಕಾಗುತ್ತದೆ ಎಂದರು. ಯಾವಾಗ ನೋಡುತ್ತದೆ ಎಂದು ಹೇಳಲಿಲ್ಲ. ಅಷ್ಟರಲ್ಲಿ ಯಾರೋ ಊಟ ಸಿದ್ಧವಾಗಿದೆ ಎಂದರು. ಎಲ್ಲರೂ ಎದ್ದರು. ಆಫೀಸಿನ ಗೇಟಿನಲ್ಲಿ ಕಾವಲಿನವನು ಪ್ರತೀಕ್ಷಾಳ ಕೊರಳಿನ ಗುರುತಿನ ಕಾರ್ಡು ಕೇಳಿ ತೆಗೆದುಕೊಂಡ.

ಅವಳು ಕೋಣೆಗೆ ಹೋಗದೆ ನೇರ ಘಾಟಿಗೆ ಹೋದಳು. ಕೆಲಸವಿಲ್ಲ, ಸೀಟಿಲ್ಲ, ಇಂದುಮತಿಯಮ್ಮನ ಪುಳಿಯೋಗರೆ ಡಬ್ಬಿಯೂ ಇನ್ನಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಹೇಳಿಕೊಳ್ಳಲು ಒಬ್ಬರಿಲ್ಲ. ಫೋನು ಬಂತು.

"ಕೊಟ್ರನೆ?"

"ಇನ್ನೂ ಇಲ್ಲ ಅಕ್ಕ. ನೀವು ಕೇಳಿದ್ದು ಎಲ್ಲರಿಗೂ ಗೊತ್ತಾತು. ನನ್ ಕೆಲ್ಸ ಹೋಯ್ತು."

"ಅವ್ರು ಕೊಡು ತನಕ ನಾವು ಕಾಯುದಿಲ್ಲ ತಂಗಿ. ಇಳ್ತ ಆಗದೆ, ನೀರೆಲ್ಲ ಹಿಂದೆ ಹೋಗದೆ. ನಾವೆಲ್ಲ ಕೆಸರಿಗೆ ಇಳ್ದೇವೆ."

ಆ ಕಡೆಯಿಂದ ಸೀಟಿ ಕೇಳಿಸಿತು.

"ಆ ಕಾವಲಿನವ ಸೀಟಿ ಹೊಡಿತಿದ್ದ ಅಕ್ಕ."

"ಹೊಡೀಲಿ. ಒಬ್ಬೊಬ್ರೇ ಬಂದಾಗ ಹೆದ್ರಿಕೆ ಆಗ್ತಿತ್ತು. ಅದಿರ್ಲಿ, ಎಂತ ಉಂಡ್ಯನೆ?"

"ಇನ್ನೂ ಇಲ್ಲ," ಎಂದಳು ಪ್ರತೀಕ್ಷಾ. ಅಳು ತಡೆಯಲಾಗಲಿಲ್ಲ.

"ಹೋಗಿ ಉಣ್ಣು. ಫೋನು ಇಡಬ್ಯಾಡ. ನಾ ಸೊಂಟಕ್ಕೆ ಸಿಕ್ಸ್ಕಂತೆ."

ಪ್ರತೀಕ್ಷಾ ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಸೀಟಿ ಮತ್ತೆ ಮತ್ತೆ ಕೇಳಿಸಿತು. ಬುಟ್ಟಿಗೆ ಬಳಚು ಬೀಳುವ ಸದ್ದು ನಿಲ್ಲಲಿಲ್ಲ.